ಬೀಡಿ, ಹೊಗೆಸೊಪ್ಪು ಬಿಡುವ ಬಗೆ



ರಾಗಿಗೆ ಗೊಬ್ಬರ ಎಷ್ಟು, ತೆಂಗಿನ ನುಸಿಗೆ ಮದ್ದೇನು ಎಂದು ಕೇಳಿ ತಿಳಿಯುವವರು ನೀವು. ಈ ಹೊತ್ತು ಹೇಳಬೇಕೆಂದಿರುವುದು ಹೊಲದಲ್ಲಿ ಬೆಳೆಯುವ ಕಳೆಯ ವಿಷಯವಲ್ಲ, ನಮ್ಮ ಮೈಯಲ್ಲಿ ಬೇರುಬಿಟ್ಟ ಒಂದು ಕಳೆಯ ವಿಷಯ. ಬೀಡಿ, ಸಿಗರೇಟು, ಹೊಗೆಸೊಪ್ಪು, ಕಡ್ಡಿಪುಡಿ, ನಶ್ಯ, ಗುಟ್ಕ, ಹೆಸರು ಏನಿದ್ದರೂ ಎಲ್ಲಕ್ಕೂ ಬುಡ ತಂಬಾಕೇ.

ಇದರಿಂದ ಕೆಡುಕಾಗುತ್ತದೆ ಎಂದು ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಬೀಡಿ ಕಟ್ಟಿನ ಮೇಲೂ ಚಿತ್ರ ಹಾಕಿರುತ್ತಾರೆ. ಗುಬ್ಬಿ ಸಂತೆಯಲ್ಲೋ ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲೋ ಬೀಡಿ ಸೇದುವ ಹಿರಿಯರೊಬ್ಬರನ್ನು ಕೇಳಿ ನೋಡಿ. "ಕೆಟ್ಟದ್ದು ಅಂತ ನಮಗೂ ಗೊತ್ತು ಸ್ವಾಮಿ. ನಾಕು ಸಲ ಬಿಟ್ಟೆ, ನಾಕು ಸಲಾನೂ ಮತ್ತೆ ಹಿಡ್ಕೊಂಡೆ. ಬಿಡೋದು ಹೆಂಗೆ ಅಂತ ಹೇಳಿ" ಎನ್ನುತ್ತಾರೆ. ಆ ಪ್ರಶ್ನೆಗೇ ಇಲ್ಲಿ ಉತ್ತರ ಹೇಳುತ್ತೇನೆ.

ಮೊದಲು ಒಂದು ಮಾತು ಮನಸ್ಸಿಗೆ ತಂದುಕೊಳ್ಳಿ. ಬಿಟ್ಟು ಮತ್ತೆ ಹಿಡಿದವನು ಹೇಡಿಯಲ್ಲ. ತಂಬಾಕಿನಲ್ಲಿ ನಿಕೋಟಿನ್ ಎಂಬ ಒಂದು ವಸ್ತು ಉಂಟು. ಬೀಡಿಯ ದಮ್ಮು ಎಳೆದ ಸುಮಾರು 10 ಸೆಕೆಂಡಿನಲ್ಲಿ ಅದು ಮಿದುಳಿಗೆ ಮುಟ್ಟುತ್ತದೆ, ಹಾಯೆನಿಸುತ್ತದೆ. ಸುಮಾರು 2 ಗಂಟೆ ಕಳೆಯುವಷ್ಟರಲ್ಲಿ ರಕ್ತದಲ್ಲಿದ್ದದ್ದು ಅರ್ಧಕ್ಕೆ ಇಳಿಯುತ್ತದೆ. ಆಗ ಮಿದುಳು ಮತ್ತೆ ಕೇಳುತ್ತದೆ. ಕೊಡದಿದ್ದರೆ ಸಿಡುಕು, ತಲೆನೋವು, ಕೈಗೆ ಕೆಲಸ ಹತ್ತದಿರುವುದು. ಹೊಗೆಸೊಪ್ಪನ್ನು ದವಡೆಯಲ್ಲಿ ಇಟ್ಟುಕೊಂಡವರಿಗೂ ಹೀಗೆಯೇ. ಹೊಗೆಯಿಲ್ಲದಿದ್ದರೂ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ.

ಗರಿಕೆ ಹಿಡಿದ ಹೊಲ ನೋಡಿದ್ದೀರಲ್ಲ? ಮೇಲಿನ ಹುಲ್ಲು ಕಿತ್ತರೆ ಹೊಲ ಎರಡು ದಿನ ಚೊಕ್ಕಟವಾಗಿ ಕಾಣುತ್ತದೆ. ಒಂದು ಮಳೆ ಬಿದ್ದರೆ ಸಾಕು, ಮತ್ತೆ ಹಸಿರು. ತಿಳಿದ ಬೇಸಾಯಗಾರ ಏನು ಮಾಡುತ್ತಾನೆ? ಕಾಲ ನೋಡಿ ಮಾಗಿ ಉಳುಮೆ ಮಾಡುತ್ತಾನೆ, ಬೇರನ್ನು ಬಿಸಿಲಿಗೆ ಹಾಕುತ್ತಾನೆ, ಆರಿಸುವುದಕ್ಕೆ ಮನೆಮಂದಿಯನ್ನು ಕರೆಯುತ್ತಾನೆ, ಚಿಗುರಿದಲ್ಲಿ ಮತ್ತೆ ಕುಂಟೆ ಹೊಡೆಯುತ್ತಾನೆ. ತಂಬಾಕಿನ ಚಟಕ್ಕೂ ಇದೇ ಕ್ರಮ. ಯಾರ ಸಹಾಯವೂ ಇಲ್ಲದೆ ಹಟದಿಂದ ಬಿಟ್ಟವರಲ್ಲಿ ವರ್ಷದ ಮೇಲೂ ಬಿಟ್ಟೇ ಇರುವವರು ನೂರಕ್ಕೆ ನಾಲ್ಕೈದು ಮಂದಿ ಮಾತ್ರ. ಬುದ್ಧಿಮಾತು, ಔಷಧ ಎರಡೂ ಸೇರಿದರೆ ಗೆಲ್ಲುವವರ ಸಂಖ್ಯೆ ಎರಡರಷ್ಟಕ್ಕೂ ಮೇಲೆ ಹೋಗುತ್ತದೆ. ಆದಕಾರಣ ಸಹಾಯ ಕೇಳುವುದರಲ್ಲಿ ನಾಚಿಕೆ ಬೇಡ.

ನಮ್ಮ ರಾಜ್ಯದಲ್ಲಿ 2016–17ರಲ್ಲಿ ನಡೆದ ಸಮೀಕ್ಷೆಯ ಪ್ರಕಾರ ದೊಡ್ಡವರಲ್ಲಿ ನೂರಕ್ಕೆ ಸುಮಾರು 23 ಮಂದಿ ಯಾವುದಾದರೊಂದು ಬಗೆಯ ತಂಬಾಕು ಬಳಸುತ್ತಿದ್ದರು. ಸೇದುವವರು ಸುಮಾರು 9 ಮಂದಿಯಾದರೆ, ಅಗಿಯುವವರು, ಬಾಯಲ್ಲಿಡುವವರು ಸುಮಾರು 16 ಮಂದಿ. ಎರಡನ್ನೂ ಮಾಡುವವರೂ ಇದರಲ್ಲಿ ಸೇರಿದ್ದಾರೆ. ಆದ್ದರಿಂದ ಬಿಡುವ ಮಾತು ಜಗಲಿಯ ಮೇಲೆ ಬೀಡಿ ಸೇದುವ ಯಜಮಾನರಿಗೆ ಎಷ್ಟೋ, ಒಳಗೆ ಕೂತು ಕಡ್ಡಿಪುಡಿ ಹಾಕುವ ಅಜ್ಜಿಗೂ ಅಷ್ಟೇ.

ಬೀಡಿ ನಾಟಿ ಪದಾರ್ಥ, ಸಿಗರೇಟಿನಷ್ಟು ಕೆಡುಕಲ್ಲ ಎಂದು ಹೇಳುವವರಿದ್ದಾರೆ. ಇದು ತಪ್ಪು. ಬೀಡಿಯ ಎಲೆಯಲ್ಲಿ ಗಾಳಿಯಾಡುವುದಿಲ್ಲ. ಆರದಂತೆ ಉಳಿಸಿಕೊಳ್ಳಲು ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಹೊಗೆ ಇನ್ನೂ ಆಳಕ್ಕೆ ಹೋಗುತ್ತದೆ. ದಮ್ಮು, ಹೃದ್ರೋಗ, ಪಾರ್ಶ್ವವಾಯು, ಶ್ವಾಸಕೋಶದ ಕ್ಯಾನ್ಸರು ಇವೆಲ್ಲ ಬೀಡಿಯಿಂದಲೂ ಬರುತ್ತವೆ. ಸೇದುವವರಿಗೆ ಕ್ಷಯ ತಗಲುವುದೂ ಹೆಚ್ಚು.

ಗುಬ್ಬಿ ಕಡೆಯ ಅಡಿಕೆ ತೋಟದ ಬಂಧುಗಳಿಗೆ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹೊಗೆಸೊಪ್ಪು ಬಿಟ್ಟು ಬರೀ ಎಲೆ ಅಡಿಕೆ ಹಾಕಿಕೊಂಡರೆ ಆಯಿತಲ್ಲ ಎಂದು ಕೇಳುತ್ತಾರೆ. ಹೊಗೆಸೊಪ್ಪು ಬಿಟ್ಟಷ್ಟೂ ಒಳ್ಳೆಯದೇ. ಆದರೆ ದಿನವೆಲ್ಲ ಅಗಿಯುವ ಅಡಿಕೆಯೂ ಕ್ಯಾನ್ಸರ್ ತರುವಂಥದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೇಳಿದೆ. ಬಾಯಿಯ ಒಳಚರ್ಮ ಗಟ್ಟಿಯಾಗಿ ಬಾಯಿ ಪೂರ್ತಿ ತೆರೆಯದಂತಾಗುವ ರೋಗವೂ ಅಡಿಕೆಯಿಂದ ಬರುತ್ತದೆ. ತೋಟ ನಮ್ಮ ಜೀವನ. ಆ ಮಾತು ಬೇರೆ. ಬೆಳೆದದ್ದನ್ನೆಲ್ಲ ನಮ್ಮ ದವಡೆಯಲ್ಲೇ ಅರೆಯಬೇಕೆಂದೇನೂ ಇಲ್ಲವಷ್ಟೆ.

ಇನ್ನು ಬಿಡುವ ಕ್ರಮಕ್ಕೆ ಬರೋಣ.

ಮೊದಲನೆಯದು, ದಿನ ಗೊತ್ತು ಮಾಡುವುದು. ಈ ಹೊತ್ತಿನಿಂದ ಎರಡು ವಾರದೊಳಗೆ ಒಂದು ದಿನ ಆರಿಸಿ. ಅಡಿಕೆ ಕೊಯ್ಲಿನ ನಡುವೆ, ರಾಗಿ ಕಟಾವಿನ ಗಡಿಬಿಡಿಯಲ್ಲಿ, ಮನೆಯಲ್ಲಿ ಮದುವೆ ಇರುವಾಗ ಬೇಡ. ಸ್ವಲ್ಪ ಬಿಡುವು ಇರುವ ವಾರವಾಗಲಿ. ಎಡೆಯೂರು ಸಿದ್ಧಲಿಂಗೇಶ್ವರನಿಗೋ ಗುಬ್ಬಿ ಚನ್ನಬಸವೇಶ್ವರನಿಗೋ ಹರಕೆ ಹೊತ್ತು ಬಿಡುವವರು ಉಂಟು. ಮನಸ್ಸಿಗೆ ಅದು ಬಲ ಕೊಡುವುದಾದರೆ ಹಾಗೇ ಮಾಡಿ; ಹರಕೆಯ ಜೊತೆಗೆ ಔಷಧ, ಸಲಹೆ ಎರಡನ್ನೂ ಇಟ್ಟುಕೊಳ್ಳಿ. ಗೊತ್ತಾದ ದಿನ ಪೂರ್ತಿ ನಿಲ್ಲಿಸುವುದು ಹೆಚ್ಚು ಫಲ ಕೊಡುತ್ತದೆ. ಅಷ್ಟು ಧೈರ್ಯವಾಗದವರು ಈ ಎರಡು ವಾರದಲ್ಲಿ ದಿನದಿನಕ್ಕೆ ಇಳಿಸುತ್ತ ಬಂದು ಆ ದಿನ ನಿಲ್ಲಿಸಬಹುದು. ಆದರೆ ಇಳಿಸುತ್ತಲೇ ವರ್ಷ ಕಳೆಯಬಾರದು.

ಎರಡನೆಯದು, ನಿಮ್ಮ ಚಟದ ಹೊತ್ತುಗಳನ್ನು ಗುರುತಿಸುವುದು. ಒಂದು ವಾರ ಗಮನಿಸಿ, ಅಥವಾ ಮಗಳ ಕೈಯಲ್ಲಿ ಒಂದು ಹಾಳೆಯಲ್ಲಿ ಬರೆಸಿ. ಎದ್ದ ಕೂಡಲೇ ಒಂದು, ಕಾಫಿಯ ಮೇಲೆ ಒಂದು, ಉಳುಮೆಯ ನಡುವೆ ಮರದಡಿ ಕೂತಾಗ ಒಂದು, ರಾತ್ರಿ ಪಂಪ್‌ಸೆಟ್ಟಿನ ಹತ್ತಿರ ಕರೆಂಟು ಕಾಯುವಾಗ ಮೂರು. ಯಾವ ಹೊತ್ತಿಗೆ ಬೇಕಾಗುತ್ತದೆಂದು ಗೊತ್ತಾದರೆ ಆ ಹೊತ್ತಿಗೆ ಬದಲಿ ಹುಡುಕಬಹುದು. ಕರೆಂಟು ಕಾಯಲು ಹೋಗುವಾಗ ಜೇಬಿನಲ್ಲಿ ಹುರಿದ ಕಡಲೆಕಾಯಿ, ಏಲಕ್ಕಿ, ಲವಂಗ, ಸೋಂಪು ಇರಲಿ. ಒಬ್ಬರೇ ಹೋಗುವ ಬದಲು ಬೀಡಿ ಸೇದದ ನೆಂಟರನ್ನೋ ಮಗನನ್ನೋ ಕರೆದುಕೊಂಡು ಹೋಗಿ.

ಮೂರನೆಯದು, ಗೊತ್ತು ಮಾಡಿದ ದಿನದ ಹಿಂದಿನ ರಾತ್ರಿ ಮನೆಯಲ್ಲಿರುವ ಬೀಡಿ ಕಟ್ಟು, ಹೊಗೆಸೊಪ್ಪಿನ ಸಂಚಿ, ಸುಣ್ಣದ ಡಬ್ಬಿ, ಲೈಟರು ಎಲ್ಲವನ್ನೂ ಹೊರಗೆ ಹಾಕಿ. ಆಪತ್ತಿಗಿರಲಿ ಎಂದು ತೊಲೆಯ ಸಂದಿಯಲ್ಲಿ ಒಂದು ಕಟ್ಟು ಇಟ್ಟರೆ ಅದೇ ಆಪತ್ತಾಗುತ್ತದೆ.

ಈಗ ಸಹಾಯ ಎಲ್ಲಿ ಸಿಗುತ್ತದೆಂದು ಕೇಳಿ. ಎಲ್ಲಕ್ಕಿಂತ ಹತ್ತಿರದ್ದು ನಿಮ್ಮ ಕೈಯಲ್ಲಿರುವ ಫೋನು. 1800-11-2356, ಇದು ತಂಬಾಕು ಬಿಡಲು ಸಹಾಯ ಮಾಡುವ ರಾಷ್ಟ್ರೀಯ ಸಹಾಯವಾಣಿ. 2016ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯೂ ಇದರಲ್ಲಿ ಸೇರಿ, ಕನ್ನಡದಲ್ಲಿ ಮಾತಾಡುವ ಅನುಕೂಲವಾಯಿತು. ಕರೆಗೆ ದುಡ್ಡಿಲ್ಲ. ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಮಾತಾಡಬಹುದು, ಸೋಮವಾರ ರಜೆ. ಈ ನಂಬರು ಬೇರೆಲ್ಲೂ ಹುಡುಕಬೇಕಾಗಿಲ್ಲ. 2018ರ ಸೆಪ್ಟೆಂಬರಿನಿಂದ ಬೀಡಿ, ಸಿಗರೇಟು, ತಂಬಾಕಿನ ಪೊಟ್ಟಣಗಳ ಮೇಲೆಯೇ ಅಚ್ಚು ಹಾಕಬೇಕೆಂದು ಕಾನೂನಾಗಿದೆ. ಅಲ್ಲಿರುವವರು ಬೈಯುವುದಿಲ್ಲ. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು, ಎದ್ದ ಎಷ್ಟು ಹೊತ್ತಿಗೆ ಬೇಕು ಎಂದು ಕೇಳುತ್ತಾರೆ, ಬಿಡುವ ದಿನ ಗೊತ್ತು ಮಾಡಲು ನೆರವಾಗುತ್ತಾರೆ, ಆಮೇಲೆ ತಾವಾಗಿಯೇ ಮತ್ತೆ ಕರೆ ಮಾಡಿ ವಿಚಾರಿಸುತ್ತಾರೆ. ಮಾತಾಡಲು ಸಂಕೋಚವಾದರೆ ಮೊದಲ ಸಲ ಮಗನೋ ಸೊಸೆಯೋ ನಂಬರು ಒತ್ತಿ ಕೊಡಲಿ.

ಮುಖ ನೋಡಿ ಮಾತಾಡಿದರೇ ಸಮಾಧಾನ ಎನ್ನುವವರು ಆಸ್ಪತ್ರೆಗೆ ಹೋಗಿ. 2007–08ರಲ್ಲಿ ಶುರುವಾದ ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮದಲ್ಲಿ, ಜಿಲ್ಲಾ ಆಸ್ಪತ್ರೆಗಳಲ್ಲಿ ತಂಬಾಕು ಬಿಡಿಸುವ ಕೇಂದ್ರ ನಡೆಸುವುದೂ ಒಂದು ಅಂಗ. ತುಮಕೂರು ಜಿಲ್ಲಾ ಆಸ್ಪತ್ರೆಗೆ ಹೋದಾಗ ಚೀಟಿ ಮಾಡಿಸುವ ಕಡೆ, "ತಂಬಾಕು ಬಿಡಬೇಕು, ಯಾರನ್ನು ಕಾಣಬೇಕು?" ಎಂದು ಕೇಳಿ. ಗುಬ್ಬಿ, ಕುಣಿಗಲ್ ತಾಲ್ಲೂಕು ಆಸ್ಪತ್ರೆಗಳಲ್ಲೂ ಹೀಗೆಯೇ ಕೇಳಬಹುದು. 2014ರಲ್ಲಿ ರಾಜ್ಯದಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮ ಆರಂಭವಾಗಿ, ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರು ಬರುವ ಏರ್ಪಾಡಾಯಿತು. ನಿಮ್ಮ ಆಸ್ಪತ್ರೆಗೆ ಯಾವ ವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯಲ್ಲಿ ಕೇಳಿಕೊಂಡು ಹೋದರೆ ಬಸ್ಸಿನ ದುಡ್ಡು ದಂಡವಾಗದು. ಮನೋವೈದ್ಯರ ಹತ್ತಿರ ಹೋದರೆ ಊರವರು ಏನೆಂದುಕೊಂಡಾರು ಎಂದು ಹಿಂಜರಿಯಬೇಡಿ. ಚಟ ಬಿಡಿಸುವ ವಿದ್ಯೆ ಕಲಿತವರು ಅವರೇ.

ಔಷಧದ ವಿಷಯ. ನಿಕೋಟಿನ್ ಗಮ್ ಎಂದು ಅಗಿಯುವ ಒಂದು ಮದ್ದು ಉಂಟು. ತಂಬಾಕಿನಿಂದಲೂ ನಿಕೋಟಿನ್, ಮದ್ದಿನಿಂದಲೂ ನಿಕೋಟಿನ್, ಏನು ವ್ಯತ್ಯಾಸ ಎಂದು ಕೇಳಬಹುದು. ಹೊಗೆಯಲ್ಲಿರುವ ಟಾರು, ವಿಷದ ಗಾಳಿ, ಹೊಗೆಸೊಪ್ಪಿನಲ್ಲಿರುವ ಕ್ಯಾನ್ಸರಿನ ವಿಷ ಇದರಲ್ಲಿಲ್ಲ. ಮಿದುಳು ಕೇಳುವುದನ್ನು ಸ್ವಲ್ಪ ಸ್ವಲ್ಪ ಕೊಟ್ಟು, ಮೆಲ್ಲಗೆ ಇಳಿಸಿ, ಸುಮಾರು ಮೂರು ತಿಂಗಳಲ್ಲಿ ನಿಲ್ಲಿಸುವುದು ಇದರ ಉಪಾಯ. ಕರುವಿಗೆ ಹಾಲು ಬಿಡಿಸುವಂತೆ ಎನ್ನಿ. 2 ಮಿಲಿಗ್ರಾಂ, 4 ಮಿಲಿಗ್ರಾಂ ಎಂದು ಎರಡು ಬಗೆ. ಎದ್ದ ಅರ್ಧ ಗಂಟೆಯೊಳಗೆ ಬೀಡಿ ಬೇಕೇ ಬೇಕು ಎನ್ನುವವರಿಗೆ ಸಾಮಾನ್ಯವಾಗಿ ಹೆಚ್ಚಿನದು ಬೇಕಾಗುತ್ತದೆ; ಯಾವುದು, ದಿನಕ್ಕೆ ಎಷ್ಟು ಎಂಬುದನ್ನು ವೈದ್ಯರು ಹೇಳಲಿ.

ಇದನ್ನು ಅಗಿಯುವುದಕ್ಕೂ ಕ್ರಮವಿದೆ. ಎಲೆ ಅಡಿಕೆಯಂತೆ ಜಗಿದು ರಸ ನುಂಗಿದರೆ ಬಿಕ್ಕಳಿಕೆ, ಹೊಟ್ಟೆತೊಳಸು ಬರುತ್ತದೆ. ನಿಧಾನವಾಗಿ ನಾಲ್ಕಾರು ಸಲ ಅಗಿಯಿರಿ. ಖಾರದ ರುಚಿ ಬಂದಾಗ ನಿಲ್ಲಿಸಿ, ಕೆನ್ನೆಗೂ ಒಸಡಿಗೂ ನಡುವೆ ಒತ್ತಿಡಿ. ರುಚಿ ಹೋದಮೇಲೆ ಮತ್ತೆ ಸ್ವಲ್ಪ ಅಗಿಯಿರಿ. ಹೀಗೆ ಅರ್ಧ ಗಂಟೆ. ಅಗಿಯುವ ಕಾಲು ಗಂಟೆ ಮೊದಲಿನಿಂದ ಕಾಫಿ, ಟೀ, ಊಟ ಬೇಡ. ಕುಡಿದರೆ ಮದ್ದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಮಕ್ಕಳ ಕೈಗೆ ಸಿಗದಂತೆ ಇಡಿ. ಅಗಿಯಲು ಹಲ್ಲಿಲ್ಲದವರಿಗೆ ಚರ್ಮಕ್ಕೆ ಅಂಟಿಸುವ ಪಟ್ಟಿ ಉಂಟು. ವರೆನಿಕ್ಲಿನ್, ಬುಪ್ರೊಪಿಯಾನ್ ಎಂಬ ಮಾತ್ರೆಗಳೂ ಇವೆ; ಬಿಡುವ ದಿನಕ್ಕೆ ಒಂದು ವಾರ ಮೊದಲೇ ಶುರು ಮಾಡುವಂಥವು. ಇವನ್ನು ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳಕೂಡದು. ಮೂರ್ಛೆರೋಗ ಇದ್ದವರು, ಹೃದಯದ ಕಾಯಿಲೆಯವರು, ಬಸುರಿಯರು, ಬಾಣಂತಿಯರು ತಮ್ಮ ವಿಷಯವನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ಈ ಔಷಧಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರಡಿಸಿದ ಕ್ರಮಪಟ್ಟಿಯಲ್ಲೂ ಹೇಳಿದ್ದಾರೆ.

ಇದರ ಬದಲು, "ಊಟದಲ್ಲಿ ಗೊತ್ತಿಲ್ಲದಂತೆ ಬೆರೆಸಿ ಕೊಡಿ, ಚಟ ಓಡಿಹೋಗುತ್ತದೆ" ಎಂದು ಪುಡಿ ಮಾರುವವರಿದ್ದಾರೆ. ಆ ಪುಡಿಯಲ್ಲಿ ಏನಿದೆಯೋ ಬಲ್ಲವರಾರು? ದುಡ್ಡು ಕಳೆದುಕೊಳ್ಳಬೇಡಿ, ಮೈ ಕೆಡಿಸಬೇಡಿ. ಎಲೆಕ್ಟ್ರಾನಿಕ್ ಸಿಗರೇಟಿನ ದಾರಿಯೂ ಬೇಡ. 2019ರಿಂದ ದೇಶದಲ್ಲೆಲ್ಲ ಅದರ ಮಾರಾಟ ನಿಷೇಧವಾಗಿದೆ.

ಬಿಟ್ಟಮೇಲಿನ ಮೊದಲ ವಾರವೇ ಗಟ್ಟಿ ನೆಲ. ಎರಡನೆಯ, ಮೂರನೆಯ ದಿನ ತಹತಹ ಹೆಚ್ಚು. ಆಮೇಲೆ ಇಳಿಯುತ್ತ ಬಂದು ಎರಡರಿಂದ ನಾಲ್ಕು ವಾರದಲ್ಲಿ ಬಹುಮಟ್ಟಿಗೆ ನಿಲ್ಲುತ್ತದೆ. ಆಸೆ ಎದ್ದಾಗ ಅದು ಗಾಳಿಯ ಹಾಗೆ ಒಂದು ಸಲ ಬೀಸಿ ಐದಾರು ನಿಮಿಷದಲ್ಲಿ ಹೋಗುತ್ತದೆ. ಅಷ್ಟು ಹೊತ್ತು ತಡೆಯಬೇಕು. ಒಂದು ಚೊಂಬು ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ, ಹತ್ತು ಸಲ ದೀರ್ಘವಾಗಿ ಉಸಿರೆಳೆದು ಬಿಡಿ, ಕೂತಲ್ಲಿಂದ ಎದ್ದು ಏನಾದರೂ ಕೆಲಸ ಹಿಡಿಯಿರಿ. ದನಕ್ಕೆ ಹುಲ್ಲು ಹಾಕುವಷ್ಟರಲ್ಲಿ ಆಸೆ ಹೋಗಿರುತ್ತದೆ. ನಿದ್ದೆ ಬಾರದೆ, ಮನಸ್ಸು ತೀರ ಕುಗ್ಗಿದರೆ 14416 ಎಂಬ ಟೆಲಿ ಮಾನಸ್ ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು; 2022ರಲ್ಲಿ ಆರಂಭವಾದ ಸೇವೆ, ಅದಕ್ಕೂ ದುಡ್ಡಿಲ್ಲ.

ಬಹಳ ಜನ ಸೋಲುವುದು ಒಂದು ಸಣ್ಣ ಕಾರಣಕ್ಕೆ. "ಬೆಳಗ್ಗೆ ಒಂದು ಬೀಡಿ ಸೇದದಿದ್ರೆ ಹೊಟ್ಟೆ ಸಾಫಾಗಲ್ಲ ಕಣ್ರೀ" ಎನ್ನುತ್ತಾರೆ. ಮಾತು ಸುಳ್ಳಲ್ಲ. ನಿಕೋಟಿನ್ ಕರುಳನ್ನು ಚುರುಕು ಮಾಡುತ್ತದೆ. ನಿಲ್ಲಿಸಿದಾಗ ಕೆಲವು ವಾರ ಮಲಬದ್ಧತೆಯಾಗಬಹುದು. ಅದಕ್ಕೆ ಎದ್ದ ಕೂಡಲೇ ಬಿಸಿನೀರು, ಊಟಕ್ಕೆ ರಾಗಿಮುದ್ದೆಯ ಜೊತೆ ಸೊಪ್ಪಿನ ಸಾರು, ಒಂದಿಷ್ಟು ಹಣ್ಣು ಸಾಕು. ಕರುಳು ತನ್ನ ಅಭ್ಯಾಸಕ್ಕೆ ತಾನು ಬರುತ್ತದೆ. ಇನ್ನೊಂದು: ಬೀಡಿ ಸಿಗರೇಟು ಬಿಟ್ಟಾಗ ಕಾಫಿಯ ಸತ್ವ ಮೈಯಲ್ಲಿ ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಮೊದಲಿನಷ್ಟೇ ಕುಡಿದರೆ ಎದೆ ಢವಢವ, ನಿದ್ದೆಗೇಡು. ನಾಲ್ಕು ಲೋಟ ಕುಡಿಯುವವರು ಎರಡಕ್ಕೆ ಇಳಿಸಿ. ಹೆಂಡ ಸಾರಾಯಿಯ ಕೂಟದಿಂದ ಕೆಲವು ತಿಂಗಳಾದರೂ ದೂರವಿರಿ. ಬಿಟ್ಟವರು ಮತ್ತೆ ಹಿಡಿಯುವುದು ಅಲ್ಲಿಯೇ ಹೆಚ್ಚು.

ಮದುವೆ ಮನೆಯಲ್ಲಿ ತಟ್ಟೆ ಮುಂದಿಟ್ಟರೆ ಏನು ಮಾಡುವುದು? ತಾಂಬೂಲವನ್ನು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿ ಜೇಬಿಗೆ ಹಾಕಿಕೊಳ್ಳಿ, ಮರ್ಯಾದೆಗೆ ಕೊರತೆಯಿಲ್ಲ. ಒತ್ತಾಯ ಮಾಡಿದರೆ "ಡಾಕ್ಟರು ಪಥ್ಯ ಹೇಳವ್ರೆ" ಎನ್ನಿ. ಪಥ್ಯ ಎಂದಮೇಲೆ ನಮ್ಮ ಕಡೆ ಯಾರೂ ಬಲವಂತ ಮಾಡುವುದಿಲ್ಲ. ಆಳುಗಳಿಗೆ ಊಟದ ಜೊತೆ ಬೀಡಿ, ಹೊಗೆಸೊಪ್ಪು ಕೊಡುವ ರೂಢಿಯಿರುವ ಯಜಮಾನರು ಅದನ್ನು ನಿಲ್ಲಿಸಿ, ಆ ದುಡ್ಡಿಗೆ ಮಜ್ಜಿಗೆಯನ್ನೋ ಬಾಳೆಹಣ್ಣನ್ನೋ ಕೊಡಿ. ಕೂಲಿಯವನ ಚಟಕ್ಕೆ ನಾವೇ ನೀರು ಹಾಯಿಸಬಾರದಲ್ಲವೇ?

ಮನೆಯ ತಾಯಂದಿರಲ್ಲಿ ಒಂದು ವಿನಂತಿ. ಬಿಟ್ಟ ಹೊಸದರಲ್ಲಿ ಯಜಮಾನರು ಸಿಡುಕಬಹುದು. ಅದು ನಿಮ್ಮ ಮೇಲಿನ ಸಿಟ್ಟಲ್ಲ, ಮಿದುಳಿನ ಹಸಿವು. "ಬಿಟ್ರಾ? ನೋಡೋಣ ಎಷ್ಟು ದಿನ" ಎಂಬ ಒಂದು ಕೊಂಕು ಮಾತು ಸಾಕು, ಮಾರನೆಯ ದಿನ ಕಟ್ಟು ಜೇಬಿಗೆ ಬರುತ್ತದೆ. ದಿನ ಎಣಿಸಿ ಮೆಚ್ಚಿಕೊಳ್ಳಿ. ಹಾಗೆಯೇ ಹೊಗೆಸೊಪ್ಪು ಹಾಕುವ ಅತ್ತೆಯವರನ್ನು ಗದರಿಸದೆ ಜೊತೆಗೆ ಕೂತು ಸಹಾಯವಾಣಿಗೆ ಮಾತಾಡಿಸಿ. ಬಸುರಿ ಹೆಣ್ಣುಮಗಳು ತಂಬಾಕು ಬಳಸಿದರೆ ಕೂಸಿನ ತೂಕ ಕಡಮೆಯಾಗುತ್ತದೆ, ಕೂಸು ಸತ್ತು ಹುಟ್ಟುವ ಭಯವೂ ಉಂಟು. ಬೀಡಿ ತರಲು ಮಕ್ಕಳನ್ನು ಅಂಗಡಿಗೆ ಕಳಿಸಲೇಬೇಡಿ. ನಮ್ಮ ರಾಜ್ಯದಲ್ಲಿ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ 200 ರೂಪಾಯಿ ಇದ್ದ ದಂಡವೂ 1000 ರೂಪಾಯಿವರೆಗೆ ಏರಿದೆ.

ತುಮಕೂರು ನಗರದಲ್ಲಿ ಬೀಡಿ ಸುತ್ತಿ ಸಂಸಾರ ಸಾಗಿಸುವ ಅಕ್ಕಂದಿರು ಎಷ್ಟೋ ಮಂದಿ. ಅವರ ದುಡಿಮೆಯನ್ನು ಹಳಿಯುವ ಮಾತು ಇದಲ್ಲ. ಆದರೆ ಸೊಪ್ಪಿನ ಧೂಳು ಅವರ ಎದೆಗೂ ಇಳಿಯುತ್ತದೆ. ಗಾಳಿಯಾಡುವ ಕಡೆ ಕೂತು ಸುತ್ತಲಿ, ಕೂಸುಗಳನ್ನು ದೂರ ಇಡಲಿ, ಉಣ್ಣುವ ಮೊದಲು ಕೈ ಚೆನ್ನಾಗಿ ತೊಳೆಯಲಿ.

ತಂಬಾಕು ಬಳಸುವವರು, ಬಿಟ್ಟವರು ಎಲ್ಲರೂ ತಿಂಗಳಿಗೊಮ್ಮೆ ಬೆಳಕಿನಲ್ಲಿ ಕನ್ನಡಿ ಹಿಡಿದು ಬಾಯಿ ನೋಡಿಕೊಳ್ಳಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಸಾರು ತಾಗಿದರೆ ಉರಿ, ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಹಿಡಿಸದಷ್ಟು ಬಾಯಿ ಕಿರಿದಾಗಿರುವುದು, ಇವುಗಳಲ್ಲಿ ಒಂದು ಕಂಡರೂ ನೋವಿಲ್ಲವೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿ. 30 ವರ್ಷ ದಾಟಿದವರ ಬಾಯಿ ಪರೀಕ್ಷೆಗೆ ನಿಮ್ಮ ಹತ್ತಿರದ ಸರಕಾರಿ ಆರೋಗ್ಯ ಕೇಂದ್ರದಲ್ಲೇ ಏರ್ಪಾಡುಂಟು. ಬೇಗ ಕಂಡುಹಿಡಿದ ಬಾಯಿ ಕ್ಯಾನ್ಸರು ಗುಣವಾಗುವ ಸಂಭವ ಬಹಳ ಹೆಚ್ಚು.

ಲಾಭದ ಲೆಕ್ಕವನ್ನೂ ಕೇಳಿ. ದಿನಕ್ಕೆ 30 ರೂಪಾಯಿ ಇದಕ್ಕೆ ಹೋಗುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 10,950, ಹತ್ತು ವರ್ಷಕ್ಕೆ 1,09,500 ರೂಪಾಯಿ. ಒಂದು ಹಸು ಕೊಟ್ಟಿಗೆಗೆ ಬಂದು ನಿಲ್ಲುವ ಮೊತ್ತ. ಬೀಡಿಯ ಕಿಡಿಯಿಂದ ಹುಲ್ಲಿನ ಮೆದೆ ಸುಟ್ಟುಹೋಗುವ ಭಯವೂ ತಪ್ಪುತ್ತದೆ. ಮೈಯ ಲಾಭ ಇನ್ನೂ ಬೇಗ. ಕೊನೆಯ ಬೀಡಿ ಸೇದಿದ 20 ನಿಮಿಷದಲ್ಲಿ ನಾಡಿಯ ಓಟ ಇಳಿಯುತ್ತದೆ. ಮೂರು ತಿಂಗಳೊಳಗೆ ಉಸಿರು ಹಗುರಾಗುತ್ತ ಬರುತ್ತದೆ. ಒಂದು ವರ್ಷಕ್ಕೆ ತಂಬಾಕಿನಿಂದ ಬಂದಿದ್ದ ಹೃದ್ರೋಗದ ಅಪಾಯ ಅರ್ಧಕ್ಕೆ ಬರುತ್ತದೆ. "ನನಗೆ ಅರವತ್ತಾಯ್ತು, ಇನ್ನೇನು ಬಿಡೋದು" ಎನ್ನಬೇಡಿ. ಸೇದುತ್ತಲೇ ಇರುವವರಿಗೆ ಹೋಲಿಸಿದರೆ, 40ರಲ್ಲಿ ಬಿಟ್ಟವರಿಗೆ ಸುಮಾರು 9 ವರ್ಷ, 50ರಲ್ಲಿ ಬಿಟ್ಟವರಿಗೆ 6 ವರ್ಷ, 60ರಲ್ಲಿ ಬಿಟ್ಟವರಿಗೂ 3 ವರ್ಷ ಆಯುಸ್ಸು ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದಾರೆ. ಮೂರು ವರ್ಷವೆಂದರೆ ಮೂರು ಮುಂಗಾರು, ಮೊಮ್ಮಗಳ ಜೊತೆ ಮೂರು ಸುಗ್ಗಿ.

ಕೊನೆಯದಾಗಿ ಒಂದು ಮಾತು. ಬಿಟ್ಟು ಹತ್ತು ದಿನಕ್ಕೆ ಯಾವುದೋ ಬೇಸರದಲ್ಲಿ ಒಂದು ಬೀಡಿ ಸೇದಿಬಿಟ್ಟಿರಿ ಎನ್ನಿ. ಎಲ್ಲಾ ಹೋಯಿತು ಎಂದು ಕಟ್ಟು ಕೊಳ್ಳಬೇಡಿ. ಒಂದು ಮಳೆ ತಪ್ಪಿತೆಂದು ಹೊಲವನ್ನೇ ಬಿಟ್ಟುಬಿಟ್ಟ ರೈತ ಉಂಟೇ? ಯಾವ ಹೊತ್ತಿನಲ್ಲಿ, ಯಾರ ಜೊತೆಯಲ್ಲಿ ಸೋತಿರೆಂದು ನೋಡಿಕೊಂಡು, ಅದೇ ದಿನ ಮತ್ತೆ ಶುರು ಮಾಡಿ. ಬಿಟ್ಟು ಗೆದ್ದವರಲ್ಲಿ ಬಹಳ ಮಂದಿ ಒಂದೆರಡು ಸಲ ಸೋತವರೇ.

ದಿನ ಗೊತ್ತು ಮಾಡಿ, ಮನೆಯವರಿಗೆ ಹೇಳಿ, 1800-11-2356ಕ್ಕೆ ಕರೆ ಮಾಡಿ, ಮದ್ದು ಬೇಕಾದರೆ ಆಸ್ಪತ್ರೆಗೆ ಹೋಗಿ, ಜಾರಿದರೆ ಮತ್ತೆ ಏಳಿ. ಈ ಐದನ್ನು ನೆನಪಿಡಿ. ಓದು ಬಾರದ ನೆರೆಮನೆಯವರಿಗೂ ಇದನ್ನು ಓದಿ ಹೇಳಿ.